ತುಳಸವ್ವನ ಛಾಟ್

ನಿಪ್ಪಾಣಿಯ ತುಳಸವ್ವ ಮೂವತ್ತೊಂಬತ್ತು ವರ್ಷ ಬೀಡಿ ಕಟ್ಟಿದವಳು. ಅರವತ್ತೆಂಟನೆಯ ವಯಸ್ಸಿನಲ್ಲಿ ಎಲ್ಲ ಬಿಟ್ಟು ಮನೆಯಲ್ಲಿ ಹಾಯಾಗಿ ಟಿವಿ ಧಾರಾವಾಹಿ ನೋಡುತ್ತ, ಅದರೊಳಗಿನ ಅತ್ತೆಯರನ್ನು ಬಯ್ಯುತ್ತ ಇದ್ದವಳನ್ನು ಕಲಾವಿದೆ ಮಾಡಿದ್ದು ಸುರಜ. ಅದು ಅವನ ತಪ್ಪೋ ಪುಣ್ಯವೋ, ಕಥೆ ಮುಗಿದ ಮೇಲೆ ನೀವೇ ಹೇಳಿ.

ಈ ಸುರಜ ಧಾರವಾಡದಲ್ಲಿ ನಾಟಕ ಕಲಿತು ಬಂದ ಹುಡುಗ. ಊರಿಗೆ ಬಂದವನೇ ‘ಹಳೇ ನಾಕಾ ಮಂಡಳಿ’ ಅಂತ ಒಂದು ಗುಂಪು ಕಟ್ಟಿದ. ಅದು ನಾಟಕ ಕಂಪನಿಯಲ್ಲ, ಭಜನಾ ಮಂಡಳಿಯಲ್ಲ, ಗಣಪತಿ ಮಂಡಳಿಯಂತೂ ಅಲ್ಲವೇ ಅಲ್ಲ. ಅವರು ಮಾಡುವುದು ಪರ್ಫಾರ್ಮೆನ್ಸ್ ಆರ್ಟ್. ರಾಜಕೀಯ, ಇತಿಹಾಸ, ಸಿನಿಮಾ ಎಲ್ಲವನ್ನೂ ಕಲಸಿ ಬಸ್ ನಿಲ್ದಾಣದಲ್ಲಿ, ಸಂತೆಯಲ್ಲಿ ಜನರ ಮುಂದೆ ಇಡುವುದು. ಪರದೆ ಇಲ್ಲ, ವೇದಿಕೆ ಇಲ್ಲ, ಬಹಳ ಸಲ ಮಾತೂ ಇಲ್ಲ. ಗುಂಪಿನಲ್ಲಿ ಅವನ ಜೊತೆ ಇನ್ನಿಬ್ಬರು. ಭೋಜದ ಗ್ರಾಮ ಪಂಚಾಯಿತಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುವ ನೀಲಮ. ಕಾಗವಾಡದಲ್ಲಿ ದ್ರಾಕ್ಷಿ ತೋಟ ಇರುವ ಮನೆಯ ಮಗ ಶೀತಲ. ಶೀತಲ ಹಲಗಿ ಚೆನ್ನಾಗಿ ಬಾರಿಸುತ್ತಾನೆ. ಅದಕ್ಕಿಂತ ಮುಖ್ಯವಾಗಿ ಅವನ ಮನೆಯಲ್ಲಿ ದ್ರಾಕ್ಷಿ ಸಾಗಿಸುವ ಒಂದು ಟೆಂಪೊ ಇದೆ.

ಅವರ ಮೊದಲ ಪ್ರಯೋಗ ಭೋಜದಲ್ಲಿ ನಡೆಯಿತು. ಒಂದು ಟೇಬಲ್, ಒಂದು ಕುರ್ಚಿ, ಅದರ ಮೇಲೆ ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೂತ ಸುರಜ. ‘ಪ್ರಜೆಯ ಮೌನ’ ಅಂತ ಅದರ ಹೆಸರು. ಹತ್ತು ನಿಮಿಷದಲ್ಲಿ ಅರವತ್ತು ಜನ ಆಧಾರ್ ಕಾರ್ಡಿನ ಝೆರಾಕ್ಸ್ ಹಿಡಿದು ಟೇಬಲ್ ಮುಂದೆ ಸಾಲು ಹಚ್ಚಿದರು. ಏನು ಕೇಳಿದರೂ ಸಾಹೇಬರು ಬಾಯಿ ಬಿಡಲಿಲ್ಲ. ಕೊನೆಗೆ ಸಾಲಿನಲ್ಲಿದ್ದ ಒಬ್ಬ ಹಿರಿಯರು, "ಸಾಹೇಬ್ರಿಗೆ ಹಲ್ಲಬ್ಯಾನಿ ಆಗೇತಿ, ನಾಳೆ ಬರೂಣ ನಡೀರಿ" ಎಂದು ಎಲ್ಲರನ್ನೂ ಕರೆದುಕೊಂಡು ಹೋದರು. ಸುರಜ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ.

ಆಮೇಲೆ ಅವನಿಗೆ ಬೀಡಿಯ ವಿಚಾರ ಹೊಳೆಯಿತು. ನಿಪ್ಪಾಣಿಯ ಹುಡುಗ ನಿಪ್ಪಾಣಿಯ ಕಥೆ ಹೇಳದೆ ಇನ್ಯಾರು ಹೇಳಬೇಕು? ಬೀಡಿ ಕಟ್ಟಿದ ಹಿರಿಯ ಹೆಂಗಸೊಬ್ಬಳು ಬೇಕು ಎಂದು ಹುಡುಕುತ್ತ ತುಳಸವ್ವನ ಬಾಗಿಲಿಗೆ ಬಂದ.

"ಆಯಿ, ನೀವು ಏನೂ ಮಾತಾಡೂದು ಬ್ಯಾಡ್ರಿ. ನಲವತ್ತ ನಿಮಿಷ ಸುಮ್ನ ಕುಂತು ಬೀಡಿ ಕಟ್ರಿ. ಅದ ಕಲಾ."

"ಮೂವತ್ತೊಂಬತ್ತ ವರ್ಷ ಅದನ್ನ ಮಾಡೀನಲೋ ತಮ್ಮಾ," ಎಂದಳು ತುಳಸವ್ವ. "ಆಗ ಒಬ್ಬರೂ ಚಪ್ಪಾಳಿ ಹೊಡೀಲಿಲ್ಲ. ಹೋಗ್, ಬ್ಯಾರೆ ಕೆಲಸ ನೋಡ್ಕೋ ಹೋಗ್."

ಬಾಗಿಲು ಹಾಕುವವಳಿದ್ದಳು. ಹಾಕುವ ಮುಂಚೆ, ವಯಸ್ಸಾದವರಿಗೆ ಇರುವ ಚಟ ನೋಡಿ, ಯಾರ ಮನೆಯವನು ನೀನು ಎಂದು ಕೇಳಿದಳು.

"ಚೆಕರ್ ಅಣ್ಣಾಸಾಬ್ರ ಮೊಮ್ಮಗ್ರಿ."

ತುಳಸವ್ವನ ಬಾಯಲ್ಲಿದ್ದ ಎಲೆ ಅಡಿಕೆ ಅಲ್ಲೇ ನಿಂತಿತು. ಹುಡುಗನ ಮುಖವನ್ನು ಇನ್ನೊಮ್ಮೆ ನೋಡಿದಳು. ಹೌದು, ಅದೇ ಅಗಲ ಹಣೆ, ಅದೇ ಗಲ್ಲ. "ಒಳಗ ಬಾ," ಎಂದಳು. "ಚಹಾ ಕುಡ್ದು ಹೋಗು. ನಿಮ್ಮ ಆಟಕ್ಕ ನಾ ಬರ್ತೀನಿ."

ಸುರಜ ತನ್ನ ಮಾತಿನ ಮೋಡಿಯೇ ಇದು ಎಂದುಕೊಂಡು ಖುಷಿಯಿಂದ ಎರಡು ಕಪ್ ಚಹಾ ಕುಡಿದ. ಪಾಪ, ಹುಡುಗ.

ಅಣ್ಣಾಸಾಬ ಯಾರು ಅಂತ ಹೇಳಬೇಕಲ್ಲ. ಹೆಂಗಸರು ಮನೆಯಲ್ಲಿ ಕಟ್ಟಿದ ಬೀಡಿಯನ್ನು ಸಂಜೆ ಮೊರದಲ್ಲಿಟ್ಟುಕೊಂಡು ಕಾರಖಾನೆಗೆ ಒಯ್ಯುತ್ತಿದ್ದರು. ಅಲ್ಲಿ ಟೇಬಲ್ ಹಾಕಿಕೊಂಡು ಚೆಕರ್ ಕೂತಿರುತ್ತಿದ್ದ. ಒಬ್ಬೊಬ್ಬರಾಗಿ ಮೊರ ಮುಂದಿಟ್ಟರೆ, ಅವನು ಒಂದು ಮುಷ್ಟಿ ಎತ್ತಿ, ಒತ್ತಿ ನೋಡಿ, ಕೆಟ್ಟದ್ದನ್ನು ಪಕ್ಕದ ಬುಟ್ಟಿಗೆ ಒಗೆಯುತ್ತಿದ್ದ. ಹಾಗೆ ಒಗೆದದ್ದೇ ಛಾಟ್. ಛಾಟ್ ಆದ ಬೀಡಿ ಲೆಕ್ಕಕ್ಕಿಲ್ಲ. ಹೋಗಲಿ, ಕಟ್ಟಿದವಳಿಗಾದರೂ ವಾಪಸು ಕೊಡುತ್ತಾರೆಯೇ ಎಂದರೆ ಅದೂ ಇಲ್ಲ. ಬುಟ್ಟಿಗೆ ಬಿದ್ದರೆ ಬಿತ್ತು. ಆ ಬುಟ್ಟಿ ಎಲ್ಲಿ ಹೋಗುತ್ತದೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ, ಆದರೆ ಅದೇ ಬೀಡಿ ಪೇಟೆಯಲ್ಲಿ ಮಾರಾಟವಾಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು.

ಆ ಟೇಬಲ್ ಹಿಂದೆ ಹದಿನೇಳು ವರ್ಷ ಕೂತವನು ಅಣ್ಣಾಸಾಬ. ತುಳಸವ್ವನ ಕೈ ಇಡೀ ಓಣಿಯಲ್ಲೇ ಹೆಸರಾದ ಕೈ. ಹೊಸದಾಗಿ ಕಲಿಯುವ ಹುಡುಗಿಯರನ್ನು ತಾಯಂದಿರು ಅವಳ ಹತ್ತಿರವೇ ತಂದು ಕೂಡಿಸುತ್ತಿದ್ದರು. ಆದರೂ ದಿನವೂ ಅವಳ ಮೊರದಿಂದ ಒಂದು ಮುಷ್ಟಿ ಬುಟ್ಟಿಗೆ ಹೋಗಲೇಬೇಕು. ಒಂದು ದಿನವಂತೂ ಅವನು ಪೂರ್ತಿ ಮೊರವನ್ನೇ ಬುಟ್ಟಿಗೆ ಸುರಿದ. "ಏನ ದೋಷ ಐತ್ರಿ?" ಎಂದು ಕೇಳಿದಳು ತುಳಸವ್ವ. ಅವನು ತಲೆ ಎತ್ತಿ ಕೂಡ ನೋಡಲಿಲ್ಲ. "ಮುಂದ ನಡಿ" ಎಂದ, ಅಷ್ಟೇ.

ಅವಳಿಗೆ ಸಿಟ್ಟು ಬಂದಿತ್ತು ನಿಜ. ಸಿಟ್ಟಾದರೂ ಒಂದೆರಡು ವರ್ಷಕ್ಕೆ ಇಳಿಯುತ್ತದೆ. ಇಳಿಯದೆ ಉಳಿದದ್ದು ಅನುಮಾನ. ತನ್ನ ಕೈಯಲ್ಲೇ ಏನೋ ಐಬು ಬಂದಿರಬೇಕು, ತನಗೆ ಕಾಣದ ದೋಷ ಅವನಿಗೆ ಕಂಡಿರಬೇಕು ಎಂದು ಅವಳಿಗೆ ಅನಿಸತೊಡಗಿತು. ಅಂದಿನಿಂದ ಕೆಲಸ ಬಿಡುವ ತನಕ ಪ್ರತಿ ಬೀಡಿಯನ್ನೂ ಎರಡೆರಡು ಸಲ ಒತ್ತಿ ನೋಡುತ್ತಿದ್ದಳು. ಮೂವತ್ತೈದು ವರ್ಷ ಆಯಿತು ಆ ಮಾತಿಗೆ. ಒಂದೇ ಒಂದು ಸಲ ಆ ಮನುಷ್ಯ ತನ್ನ ಎದುರು ಬಂದು ನಿಲ್ಲಬೇಕು, ಏನು ದೋಷ ಇತ್ತು ಎಂದು ತಾನು ಕೇಳಬೇಕು, ಅವನು ತಂದದ್ದನ್ನೆಲ್ಲ ತಾನು ಜನರ ಮುಂದೆ ಛಾಟ್ ಮಾಡಿ ಒಗೆಯಬೇಕು. ಮೊಮ್ಮಗನ ಆಟ ನೋಡಲು ಒಂದು ದಿನ ಅಜ್ಜ ಬಾರದೆ ಇರುತ್ತಾನೆಯೇ? ತುಳಸವ್ವ ಕಲೆಗೆ ಬಂದದ್ದು ಹೀಗೆ.

ತಾಲೀಮು ಒಂದು ಹಳೆಯ ತಂಬಾಕಿನ ಗೋದಾಮಿನಲ್ಲಿ ನಡೆಯುತ್ತಿತ್ತು. ಎರಡು ದಿನ ತುಳಸವ್ವ, ಸುರಜ ಹೇಳಿದಂತೆ, ಸುಮ್ಮನೆ ಕೂತಳು. ಮೂರನೆಯ ದಿನ ಸುರಜ ತಾನು ಬರೆದ ಎಂಟು ಪುಟದ ಸ್ಕ್ರಿಪ್ಟ್ ಓದತೊಡಗಿದ. ಅದರ ತುಂಬ ‘ದೇಹದ ಸ್ಮೃತಿ’, ‘ಶ್ರಮದ ಭೂಗೋಳ’ ಅಂಥವೇ ಮಾತು. ತುಳಸವ್ವ ಕೈ ಚಾಚಿ ಪುಟಗಳನ್ನು ಕಸಿದುಕೊಂಡಳು. ಬೀಡಿ ಕಟ್ಟು ಹಿಡಿದಂತೆ ಹಿಡಿದು, ಬೆರಳಲ್ಲಿ ಒತ್ತಿ, ಐದು ಪುಟ ಎಳೆದು ಮೂಲೆಗೆ ಒಗೆದಳು.

"ಛಾಟ್! ಎಲಿ ಭಾಳ ಆಗೇತಿ, ತಂಬಾಕ ಕಡಿಮಿ ಐತಿ."

ನೀಲಮ ನಕ್ಕು ನಕ್ಕು ಗೋಣಿ ಚೀಲದ ಮೇಲೆ ಬಿದ್ದಳು. ಎದ್ದವಳೇ, "ಸುರಜ, ಇದ ನಮ್ಮ ಪ್ರಯೋಗ ನೋಡು," ಎಂದಳು. "ಆಯೀನ್ನ ಚೆಕರ್ ಮಾಡು. ನಮ್ಮ ಮಂದಿ ಟೇಬಲ್ ಕಂಡ್ರ ಪಾಳಿ ಹಚ್ಚತಾರಲ್ಲ, ಹಚ್ಚಲಿ. ಏನರ ತರ್ಲಿ. ಭಾಷಣ ತರ್ಲಿ, ಪೋಸ್ಟರ್ ತರ್ಲಿ, ವಾಟ್ಸಾಪಿನ್ಯಾಗ ಬಂದದ್ದನ್ನ ಪ್ರಿಂಟ್ ಹೊಡಕೊಂಡ ತರ್ಲಿ. ಆಯಿ ಪಾಸ್ ಅಂದ್ರ ಪಾಸ್, ಛಾಟ್ ಅಂದ್ರ ಬುಟ್ಟಿಗಿ."

ಸುರಜನಿಗೆ ತನ್ನ ಐದು ಪುಟ ಹೋದ ನೋವಿತ್ತು. ಆದರೂ ಒಳ್ಳೆಯದು ಕಂಡರೆ ಒಪ್ಪಿಕೊಳ್ಳುವ ಗುಣ ಆ ಹುಡುಗನಲ್ಲಿದೆ. ಒಪ್ಪಿದ.

ಮೊದಲ ಪ್ರದರ್ಶನ ಚಿಕ್ಕೋಡಿ ಬಸ್ ನಿಲ್ದಾಣದಲ್ಲಿ. ಶೀತಲ ಹಲಗಿ ಬಾರಿಸಿದ, ತುಳಸವ್ವ ಕನ್ನಡಕ ಏರಿಸಿ ಕೂತಳು, ಸಾಲು ತಾನಾಗಿಯೇ ಬೆಳೆಯಿತು. ಮೊದಲು ಬಂದವನು ತಂಬಾಕು ಹಾನಿಕಾರಕ ಎಂಬ ಭಿತ್ತಿಪತ್ರ ತಂದಿದ್ದ. ತುಳಸವ್ವನನ್ನು ಸಿಕ್ಕಿಸಬೇಕೆಂದೇ ತಂದಿದ್ದ ಕಿಡಿಗೇಡಿ. ಅವಳು ನೀಲಮಳ ಕೈಯಲ್ಲಿ ಓದಿಸಿ ಕೇಳಿ, "ಖರೆ ಐತಿ. ನಮ್ಮ ಓಣ್ಯಾಗ ಕೆಮ್ಮಿಲ್ಲದ ಮನಿ ಒಂದ ತೋರ್ಸು. ಪಾಸ್!" ಎಂದಳು. ನೀಲಮ ಅದನ್ನು ಹಗ್ಗಕ್ಕೆ ತೂಗುಹಾಕಿದಳು.

ಆಮೇಲೆ ಇಬ್ಬರು ಗಂಡಸರು ಜಗಳವಾಡುತ್ತಲೇ ಬಂದರು. ಒಬ್ಬನ ಕೈಯಲ್ಲಿ ಕನ್ನಡದ ಬೋರ್ಡು, ಇನ್ನೊಬ್ಬನ ಕೈಯಲ್ಲಿ ಮರಾಠಿಯದು. ಗಡಿ ನಮ್ಮದು ಎಂದು ಎರಡರಲ್ಲೂ ಬರೆದಿತ್ತು. ನಿಲ್ದಾಣದಲ್ಲಿ ನಿಂತಿದ್ದ ಪೊಲೀಸಪ್ಪ ಲಾಠಿ ಸರಿಮಾಡಿಕೊಂಡ. ತುಳಸವ್ವ ಎರಡೂ ಬೋರ್ಡನ್ನು ಒಂದರ ಮಗ್ಗುಲಿಗೆ ಒಂದು ಇಟ್ಟುಕೊಂಡು ಬಣ್ಣ ಉಜ್ಜಿ ನೋಡಿದಳು.

"ಎರಡೂ ಬರದಾಂವ ಒಬ್ಬನ ಅದಾನ್ರಿ. ಯಾರಾಂವ?"

ಇಬ್ಬರೂ ಮುಖ ಮುಖ ನೋಡಿಕೊಂಡರು. "ಪೇಂಟರ್ ಮಲ್ಲೇಶ," ಎಂದ ಒಬ್ಬ, ದನಿ ತಗ್ಗಿಸಿ.

"ನಂದೂ ಅವನ," ಎಂದ ಇನ್ನೊಬ್ಬ.

"ಕೈ ಛಲೋ ಐತಿ ಅವಂದು. ಬಣ್ಣ ಪಾಸ್. ಬರ್ಸಿದವ್ರ ಇಬ್ರೂ ಛಾಟ್. ಮುಂದ ನಡೀರಿ."

ಇಡೀ ನಿಲ್ದಾಣ ಹೋ ಎಂದಿತು. ಗೋಕಾಕ ಬಸ್ಸಿನ ಡ್ರೈವರ್ ಇಂಜಿನ್ ಬಂದ್ ಮಾಡಿ ಇಳಿದು ಬಂದು, ತನ್ನ ಡ್ಯೂಟಿ ಚೀಟಿಯನ್ನೇ ಮುಂದಿಟ್ಟ. ಅದು ಮರುಮಾತಿಲ್ಲದೆ ಛಾಟ್ ಆಯಿತು.

ರಾಯಬಾಗದಲ್ಲಿ ಯಾರೋ ಒಂದು ಚುನಾವಣೆಯ ಭರವಸೆ ಪತ್ರ ತಂದರು. "ಸುತ್ತೂದು ಭಾರಿ ಸುತ್ಯಾರ," ಎಂದಳು ತುಳಸವ್ವ ಅದನ್ನು ಒತ್ತಿ ನೋಡಿ, "ಆದ್ರ ಕಡ್ಡಿ ಗೀರಿದ್ರ ಹತ್ತೂದಿಲ್ಲ." ಕಾಲೇಜಿನ ಹುಡುಗಿಯೊಬ್ಬಳು ಸಿನಿಮಾ ನಾಯಕನ ಪೋಸ್ಟರ್ ತಂದಳು. ಅಂಗಿಯ ಗುಂಡಿಗಳೆಲ್ಲ ಬಿಚ್ಚಿಕೊಂಡು ನಿಂತಿದ್ದ ಅವನನ್ನು ತುಳಸವ್ವ ಬಹಳ ಹೊತ್ತು ಪರೀಕ್ಷಿಸಿ, ಮಾಲು ಚೆನ್ನಾಗಿದೆ, ಪ್ಯಾಕಿಂಗ್ ಸರಿಯಿಲ್ಲ ಎಂದಳು. ಇನ್ನೊಬ್ಬಳು ಸೀದಾ ತನ್ನ ಅತ್ತೆಯನ್ನೇ ರಟ್ಟೆ ಹಿಡಿದು ತಂದು ನಿಲ್ಲಿಸಿದಳು! ಜೀವ ಇರುವ ಮಾಲು ತಗೊಳ್ಳುವುದಿಲ್ಲ ಎಂದು ಹೇಳಿ ಅತ್ತೆ ಸೊಸೆ ಇಬ್ಬರನ್ನೂ ಕಳಿಸಬೇಕಾಯಿತು.

ನಗುವಿನ ನಡುವೆ ತುಳಸವ್ವನ ಕಣ್ಣು ಮಾತ್ರ ಸಾಲಿನ ಮೇಲೆಯೇ ಇರುತ್ತಿತ್ತು. ರಾಯಬಾಗದಿಂದ ಬರುವಾಗ ಟೆಂಪೊದ ಹಿಂದೆ ಕೂತಿದ್ದ ನೀಲಮ ಕೇಳಿಯೇಬಿಟ್ಟಳು: "ಆಯಿ, ನೀವು ಯಾರನ್ನ ಹುಡುಕಾಕತ್ತೀರಿ?" ತುಳಸವ್ವನಿಗೂ ಯಾರಿಗಾದರೂ ಹೇಳಬೇಕಿತ್ತು. ಎಲ್ಲ ಹೇಳಿದಳು, ಆ ಪೂರ್ತಿ ಮೊರದ ಮಾತನ್ನೂ ಹೇಳಿದಳು. "ಸುರಜಗ ಗೊತ್ತೈತೇನ್ರಿ?" ಎಂದಳು ನೀಲಮ.

"ಅವಗ ಯಾಕ ಬೇಕ? ಅವನ ಅಜ್ಜಗ ಗೊತ್ತಿದ್ರ ಸಾಕು."

ಆದರೆ ಗುಟ್ಟು ಇಟ್ಟುಕೊಳ್ಳುವುದು ತುಳಸವ್ವನ ಸ್ವಭಾವವಲ್ಲ. ಅಥಣಿಯಲ್ಲಿ ಪ್ರದರ್ಶನ ಮುಗಿದ ಮೇಲೆ ಪತ್ರಿಕೆಯವರೊಬ್ಬರು ಬಂದರು. ಅಂದು ಒಬ್ಬ ಮೇಷ್ಟ್ರು ಊರಿನ ಇತಿಹಾಸದ ಪುಸ್ತಕ ತಂದಿದ್ದರು. ತಂಬಾಕು ವ್ಯಾಪಾರಿಗಳ ಹೆಸರು ಮೂರು ಪುಟ ಇದ್ದದ್ದನ್ನೂ ಬೀಡಿ ಕಟ್ಟಿದವರ ಹೆಸರು ಒಂದೂ ಇಲ್ಲದ್ದನ್ನೂ ಕೇಳಿ ತುಳಸವ್ವ, "ಇದು ಅರ್ಧಾ ಕಟ್ಟು ಐತ್ರಿ, ಉಳದ ಅರ್ಧಾ ತಗೊಂಡ ಬರ್ರಿ" ಎಂದು ಮರಳಿಸಿದ್ದಳು. ಪತ್ರಿಕೆಯವರು ಅದನ್ನು ಬರೆದುಕೊಳ್ಳುತ್ತ, ಸುರಜನಿಗೆ ಈ ವಿಷಯದಲ್ಲಿ ಆಸಕ್ತಿ ಹೇಗೆ ಬಂತು ಎಂದು ಕೇಳಿದರು. ಸುರಜ ಎದೆ ಉಬ್ಬಿಸಿ ಹೇಳಿದ:

"ನಮ್ಮ ಅಜ್ಜ ಬೀಡಿ ಕಾರ್ಮಿಕರ ನಡುವೆಯೇ ಬದುಕು ಕಳೆದವರು, ಸರ್."

"ನಡುವ ಅಲ್ಲಲೇ," ಎಂದಳು ತುಳಸವ್ವ ಚಹಾದ ಬಸಿ ಕೆಳಗಿಡುತ್ತ, "ಎದುರಿಗೆ. ನಾವು ನಿಂತಿರ್ತಿದ್ವಿ, ಅಂವ ಕುಂತಿರ್ತಿದ್ದ."

ಪತ್ರಿಕೆಯವರು ಹೋದ ಮೇಲೆ ಸುರಜ ಬಂದು ಅವಳ ಪಕ್ಕ ಕೂತ. ಅವನ ಮುಖ ಬಾಡಿತ್ತು. ಮಾತಿನಲ್ಲಿ ಒಂದೂ ದೊಡ್ಡ ಪದ ಇರಲಿಲ್ಲ.

"ಆಯಿ, ನಮ್ಮ ಅಜ್ಜನ್ನ ಹಿಡ್ಯಾಕ ನಮ್ಮ ಮಂಡಳಿಗೆ ಬಂದ್ರೇನು?"

"ಹೌದು."

"ನನ್ನ ಸಾಕಿದ್ದ ಅಂವ್ರೀ. ಅಪ್ಪ ಹೋದ ಮ್ಯಾಲ ಕೈ ಹಿಡ್ದು ಸಾಲಿಗಿ ಕಳಸ್ದಾಂವ. ಎಂಬತ್ತ ವರ್ಷ ಆಗೇತಿ ಅವಗ. ನಾಕ ಮಂದ್ಯಾಗ ನಿಂದ್ರಿಸಿ ಮಾನ ಕಳೀತೀರೇನು?"

"ನಿನಗ ಛಲೋ ಅಜ್ಜ ಆಗಿದ್ದಾನು. ಅದನ್ನ ನಾ ಇಲ್ಲ ಅನ್ನೂದಿಲ್ಲ," ಎಂದಳು ತುಳಸವ್ವ. "ನನ್ನ ಮಾನ ಅವನ ಬುಟ್ಟ್ಯಾಗ ಬಿದ್ದೈತಿ. ನನಗ ಒಂದ ಮಾತ ಕೇಳೂದೈತಿ ತಮ್ಮಾ. ಹೊಡ್ಯಾಕಿ ಅಲ್ಲ ನಾ."

ಕಾಗವಾಡದ ಪ್ರದರ್ಶನ ಹೇಗೋ ಆಯಿತು. ಶೀತಲನ ಸ್ವಂತ ಊರು, ಜನ ಬೇಕಾದಷ್ಟು, ಅವನ ಮನೆಯವರು ಎಲ್ಲರಿಗೂ ದ್ರಾಕ್ಷಿ ಹಂಚಿದರು. ಆದರೆ ಸುರಜ ತುಳಸವ್ವನ ಕಡೆ ನೋಡದೆ ಕೆಲಸ ಮಾಡಿದ. ಅವಳಿಗೂ ಅಂದು ನಗು ಬರಲಿಲ್ಲ. ಕಪ್ಪು ಕನ್ನಡಕ ಹಾಕಿದ ಮರಿ ಪುಢಾರಿಯ ಹುಟ್ಟುಹಬ್ಬದ ಫ್ಲೆಕ್ಸ್ ಬಂದಾಗಲೂ ಬರೀ ಛಾಟ್ ಅಂದಳೇ ಹೊರತು ಬೇರೆ ಮಾತಾಡಲಿಲ್ಲ. ಜನ ಒಂದು ಒಳ್ಳೆಯ ಬಯ್ಗಳ ತಪ್ಪಿತಲ್ಲ ಎಂದು ಪೇಚಾಡಿಕೊಂಡರು.

ಕೊನೆಯ ಪ್ರದರ್ಶನ ನಿಪ್ಪಾಣಿಯಲ್ಲಿ ಇತ್ತು. ಅದಕ್ಕೆ ನಾಲ್ಕು ದಿನ ಇರುವಾಗ ನೀಲಮ ತುಳಸವ್ವನ ಮನೆಗೆ ಬಂದಳು.

"ನೀವು ಹೇಳಿದ್ದನ್ನ ನಾ ಸುರಜಗ ಹೇಳಿದೆ ಆಯಿ. ಅಂವ ಅಜ್ಜನ್ನ ಕೇಳ್ಯಾನಂತ್ರಿ, ತುಳಸವ್ವನ ಮೊರ ಪೂರಾ ಸುರುವಿದ್ದಿ ಹೌದಿಲ್ಲೋ ಅಂತ. ಅವತ್ತಿನಿಂದ ಮುದುಕ ಮದ್ಯಾನ್ನ ಖೋಲಿ ಬಾಗ್ಲಾ ಹಾಕ್ಕೊಂಡ ಕುಂಡ್ರತಾನಂತ. ಯಾರ ಜೋಡಿನೂ ಮಾತಿಲ್ಲ ಕಥಿ ಇಲ್ಲ."

ಮುದುಕ ಹಾಸಿಗೆ ಹಿಡಿದನೇ? ಎಂಬತ್ತರ ಜೀವ, ಏನಾದರೂ ಆಗಿಬಿಟ್ಟರೆ ಆ ಹುಡುಗನ ಮುಖ ತಾನು ನೋಡುವುದು ಹೇಗೆ? ಅಂದು ತುಳಸವ್ವ ಟಿವಿ ಹಚ್ಚಲಿಲ್ಲ. ಪ್ರದರ್ಶನಕ್ಕೆ ಬರುವುದಿಲ್ಲ ಎಂದು ಹೇಳಿ ಕಳಿಸಬೇಕೆಂದು ಎರಡು ಸಲ ಚಪ್ಪಲಿ ಮೆಟ್ಟಿದಳು, ಎರಡು ಸಲ ಬಿಟ್ಟಳು. ಹಾಳಾಗಿ ಹೋಗಲಿ ಎಂದುಕೊಂಡರೆ ಮೂವತ್ತೈದು ವರ್ಷದ ಪ್ರಶ್ನೆ ಬಿಡುತ್ತಿರಲಿಲ್ಲ. ಕೊನೆಗೆ ಅವನು ಬಂದರೆ ಕೇಳುವುದು, ಬಾರದಿದ್ದರೆ ಈ ಮಾತು ಇಲ್ಲಿಗೆ ಬಿಡುವುದು ಎಂದು ತೀರ್ಮಾನಿಸಿದಳು.

ಭಾನುವಾರ ನಾಲ್ಕು ಗಂಟೆಗೆ ಗೋದಾಮಿನ ಅಂಗಳ ಕಿಕ್ಕಿರಿದು ತುಂಬಿತ್ತು. ಬಂದವರಲ್ಲಿ ಅರ್ಧಕ್ಕರ್ಧ ಬೀಡಿ ಕಟ್ಟಿದ ಹೆಂಗಸರೇ. ತುಳಸವ್ವನ ಹಳೆಯ ಗೆಳತಿ ಸೋನಾಬಾಯಿ ಎಲ್ಲರಿಗಿಂತ ಮುಂದೆ ಚಾಪೆ ಹಾಸಿಕೊಂಡು ಕೂತು, ಬಂದ ಬಂದವರಿಗೆಲ್ಲ ಚೆಕರ್ ತನ್ನ ಗೆಳತಿ ಎಂದು ಸಾರುತ್ತಿದ್ದಳು. ಹಲಗಿ ಬಡಿಯಿತು. ಸಾಲು ಗೇಟಿನಾಚೆಗೂ ಹೋಗಿತ್ತು.

ತುಳಸವ್ವ ಹತ್ತಿಪ್ಪತ್ತು ಜನರ ಮಾಲು ನೋಡಿರಬೇಕು. ತಲೆ ಎತ್ತಿದಾಗ ಸಾಲಿನ ತುದಿಯಲ್ಲಿ ಬಿಳಿ ಟೋಪಿ ಕಂಡಿತು. ಧೋತರ, ಕೋಲು, ಬಗಲಲ್ಲಿ ಒಂದು ಸಣ್ಣ ಪೊಟ್ಟಣ. ಅಣ್ಣಾಸಾಬ! ಸುರಜ ಓಡಿಹೋಗಿ ಅಜ್ಜನನ್ನು ಮುಂದೆ ಕರೆತರಲು ನೋಡಿದ. ಮುದುಕ ಕೈ ಕೊಡವಿದ.

"ಪಾಳಿ ಐತಿ. ಪಾಳಿ ಪ್ರಕಾರ ಬರ್ತೀನಿ."

ಮುಕ್ಕಾಲು ಗಂಟೆ ನಿಂತ. ಮುಂದಿದ್ದ ಹೆಂಗಸರು ಅವನ ಗುರುತು ಹಿಡಿದು ಪಿಸುಗುಟ್ಟಿದರು, ಆದರೆ ಯಾರೂ ಜಾಗ ಬಿಡಲಿಲ್ಲ. ತುಳಸವ್ವನ ಲಕ್ಷ್ಯವೆಲ್ಲ ಅಲ್ಲೇ. ಯಾರೋ ತಂದ ಸುಳ್ಳು ಭವಿಷ್ಯದ ಜಾಹೀರಾತನ್ನು ಪಾಸ್ ಎಂದುಬಿಟ್ಟಳು. ನೀಲಮ ಕಣ್ಣರಳಿಸಿ ನೋಡಿದ ಮೇಲೆ ಅದನ್ನು ಬುಟ್ಟಿಗೆ ಹಾಕಿದಳು.

ಕೊನೆಗೆ ಅಣ್ಣಾಸಾಬ ಟೇಬಲ್ ಮುಂದೆ ಬಂದು ನಿಂತ. ಪೊಟ್ಟಣ ಬಿಚ್ಚಿ ಇಟ್ಟ. ಒಳಗೆ ಬೀಡಿ, ಇಪ್ಪತ್ತೈದರ ಒಂದು ಕಟ್ಟು.

ಸೋನಾಬಾಯಿ ಎದ್ದು ನಿಂತಳು. "ಎಲ್ಲಾ ಛಾಟ್ ಮಾಡ ಬೇ ತುಳಸೀ! ಒಂದೂ ಬಿಡಬ್ಯಾಡ!"

ಅಂಗಳದ ಹೆಂಗಸರೆಲ್ಲ ಅದನ್ನೇ ಹಿಡಿದರು. ಛಾಟ್, ಛಾಟ್ ಎಂದು ಕೂಗು ಎದ್ದಿತು. ಶೀತಲನ ಹಲಗಿ ನಿಂತಿತು. ಸುರಜ ಕಂಬ ಹಿಡಿದುಕೊಂಡು ನಿಂತಿದ್ದ.

ತುಳಸವ್ವ ಒಂದು ಬೀಡಿ ಎತ್ತಿದಳು. ಎತ್ತಿದ ಕೂಡಲೇ ಬೆರಳಿಗೆ ತಿಳಿಯಿತು. ಬಾಯಿ ಮಡಚಿಲ್ಲ, ದಾರ ಸಡಿಲ, ನಡುವೆ ಪೊಳ್ಳು. ಆರು ವರ್ಷದ ಹುಡುಗಿ ಆಟಕ್ಕೆ ಕಟ್ಟಿದರೂ ಇದಕ್ಕಿಂತ ಚೆನ್ನಾಗಿ ಕಟ್ಟುತ್ತಾಳೆ.

"ಯಾರ ಕಟ್ಟ್ಯಾರ ಇವನ್ನ?"

"ನಾನ," ಎಂದ ಅಣ್ಣಾಸಾಬ. "ಎಂಟ ದಿವಸ ಹಿಡೀತು."

"ಮೊದ್ಲ ಬರ್ತಿತ್ತೇನ್ರಿ ನಿಮಗ?"

"ಇಲ್ಲ. ಯಾವತ್ತೂ ಬರ್ತಿರ್ಲಿಲ್ಲ."

ಹತ್ತಿರ ಕೂತವರಿಗೆ ಅದು ಕೇಳಿಸಿತು. ಅವರು ಸುಮ್ಮನಾದರು, ಅವರನ್ನು ನೋಡಿ ಹಿಂದಿನವರೂ ಸುಮ್ಮನಾದರು.

"ಒಂದ ಬೀಡಿ ಕಟ್ಟಾಕ ಬರ್ತಿರ್ಲಿಲ್ಲ," ಎಂದಳು ತುಳಸವ್ವ. "ಮತ್ತ ಹದಿನೇಳ ವರ್ಷ ನಮ್ಮದು ಹೆಂಗ ನೋಡ್ತಿದ್ರಿ?"

"ನೋಡ್ತಿರ್ಲಿಲ್ಲ ತುಳಸವ್ವಾ. ಒಬ್ಬೊಬ್ಬರದರಾಗ ಒಂದ ಮುಟಗಿ ತಗೀಬೇಕಂತ ಮ್ಯಾಲಿನವ್ರು ಹೇಳಿದ್ರು. ತಗೀತಿದ್ದೆ."

"ಅವತ್ತ ನನ್ನ ಮೊರ ಪೂರಾ ಸುರುವಿದ್ರಿ."

"ನೆನಪೈತಿ." ಮುದುಕ ಕೋಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಅವತ್ತ ಬುಟ್ಟಿ ತುಂಬಿರ್ಲಿಲ್ಲ. ತುಂಬಿಸಿ ಕೊಡ್ಬೇಕಿತ್ತು. ಪಾಳ್ಯಾಗ ನಿಂದ ಎಲ್ಲಾರಕಿಂತ ಛಲೋ ಮಾಲ ಇತ್ತು. ಛಲೋ ಮಾಲ ಮಾರಾಕ ಬರ್ತೈತಿ. ಅದಕ್ಕ ನಿಂದ ತಗೊಂಡೆ."

"ದೋಷ?"

"ದೋಷ ಇರ್ಲಿಲ್ಲ. ನಿನ್ನ ಕೈಯಾಗ ಯಾವತ್ತೂ ದೋಷ ಇರ್ಲಿಲ್ಲ. ಅವತ್ತ ತಲಿ ಎತ್ತಿ ಹೇಳಾಕ ನನಗ ಮಾರಿ ಇರ್ಲಿಲ್ಲ."

ತುಳಸವ್ವ ಇಷ್ಟು ದಿನ ಎಷ್ಟೆಲ್ಲ ಬಯ್ಗಳ ಹೆಣೆದಿಟ್ಟುಕೊಂಡಿದ್ದಳು. ಒಂದೂ ನೆನಪಿಗೆ ಬರಲಿಲ್ಲ. ಸಿಟ್ಟು ಬಂತು, ಅಳುವೂ ಬಂತು, ಎರಡನ್ನೂ ತಡೆಯಲಾಗದೆ ಸೆರಗಿನಿಂದ ಮುಖ ಒರೆಸಿಕೊಂಡಳು. ದೋಷ ಇರಲಿಲ್ಲ. ಎರಡೆರಡು ಸಲ ಒತ್ತಿ ನೋಡಿದ ಆ ಸಾವಿರ ಸಾವಿರ ಬೀಡಿಗಳಲ್ಲಿ ಒಂದರಲ್ಲೂ ದೋಷ ಇರಲಿಲ್ಲ!

"ಇಷ್ಟ ಹೇಳಾಕ ಮೂವತ್ತೈದ ವರ್ಷ ಬೇಕಾತೇನ್ರಿ?" ಎಂದಳು.

ಅಣ್ಣಾಸಾಬ ಬೀಡಿಯ ಕಟ್ಟನ್ನು ಅವಳ ಕಡೆ ಇನ್ನಷ್ಟು ಸರಿಸಿದ.

"ಛಾಟ್ ಮಾಡ ತುಳಸೀ!" ಎಂದು ಸೋನಾಬಾಯಿ ಮತ್ತೆ ಕೂಗಿದಳು. ಈಗ ಅವಳೂ ಅಳುತ್ತಿದ್ದಳು. "ಪೂರಾ ಸುರುವ ಬುಟ್ಟಿಗೆ!"

ತುಳಸವ್ವನ ಕೈ ಆ ಕಟ್ಟಿನ ಮೇಲೇ ಇತ್ತು. ಒಮ್ಮೆ ಸರಿಸಿದರೆ ಇಪ್ಪತ್ತೈದೂ ಬುಟ್ಟಿಗೆ ಬೀಳುತ್ತಿದ್ದವು, ಇಡೀ ನಿಪ್ಪಾಣಿ ಚಪ್ಪಾಳೆ ಹೊಡೆಯುತ್ತಿತ್ತು. ಅವಳು ಬಂದದ್ದೂ ಅದಕ್ಕೇ ಅಲ್ಲವೇ? ಆದರೆ ನೋಡದೆ ಸುರಿದರೆ ತನಗೂ ಇವನಿಗೂ ಏನು ಫರಕು ಎನಿಸಿ ಅವಳಿಗೆ ತನ್ನ ಕೈಯ ಮೇಲೇ ಸಿಟ್ಟು ಬಂತು.

"ಸುಮ್ನಿರ್ರಿ ಎಲ್ಲಾರೂ," ಎಂದಳು. "ನಾ ಮಾಲ ನೋಡಾಕತ್ತೀನಿ."

ಕನ್ನಡಕ ಒರೆಸಿ ಹಾಕಿಕೊಂಡಳು. ಒಂದೊಂದೇ ಬೀಡಿ ಎತ್ತಿದಳು.

"ಇದರ ಬಾಯಿ ಬಿಚ್ಚೇತಿ. ಇದಕ ತಂಬಾಕ ಸಾಲಂಗಿಲ್ಲ. ಇದರ ಎಲಿ ಉಲ್ಟಾ ಸುತ್ತೀರಿ, ನೋಡ್ರಿ ಇಲ್ಲೆ, ಎಳಿ ಹೊರಗ ಬಂದಾವು. ಇದು ಸೊಟ್ಟ. ಇದು... ಇದನ್ನೇನ್ ಕಾಲಲೆ ಕಟ್ಟೀರಿ?"

ಯಾರೋ ನಕ್ಕರು. ಅಣ್ಣಾಸಾಬ ನಗಲಿಲ್ಲ. ಬಗ್ಗಿ, ಪ್ರತಿ ಬೀಡಿಯ ದೋಷವನ್ನೂ ಅವಳು ತೋರಿಸಿದಲ್ಲಿ ಕಣ್ಣಿಟ್ಟು ನೋಡಿ, ಹೌದ್ರಿ ಹೌದ್ರಿ ಎನ್ನುತ್ತಿದ್ದ. ಇಪ್ಪತ್ತೈದು ಮುಗಿಯಲು ಬಹಳ ಹೊತ್ತು ಹಿಡಿಯಿತು. ಅಂಗಳದಿಂದ ಒಬ್ಬರೂ ಎದ್ದು ಹೋಗಲಿಲ್ಲ.

"ಎರಡ ಪಾಸ್. ಇಪ್ಪತ್ಮೂರ ಛಾಟ್."

ನೀಲಮ ಬುಟ್ಟಿ ಮುಂದೆ ಸರಿಸಿದಳು. ತುಳಸವ್ವ ಅದನ್ನು ಆಚೆ ದೂಡಿದಳು. ಇಪ್ಪತ್ಮೂರು ಬೀಡಿಗಳನ್ನೂ ಎರಡು ಕೈಯಲ್ಲಿ ಬಾಚಿ ಹಿಡಿದು, "ಕೈ ಒಡ್ರಿ ಸಾಹೇಬ್ರ," ಎಂದಳು. ಮುದುಕ ಕೋಲನ್ನು ಟೇಬಲ್ಲಿಗೆ ಒರಗಿಸಿ ಬೊಗಸೆ ಒಡ್ಡಿದ. ಅವಳು ಅಷ್ಟನ್ನೂ ಅದರಲ್ಲಿ ಹಾಕಿದಳು.

"ಛಾಟ್ ಆದ ಮಾಲ ಕಟ್ಟಿದವಂದು. ಮನಿಗಿ ಒಯ್ರಿ."

ಆ ಹೆಂಗಸರಲ್ಲಿ ಒಬ್ಬಳಾದರೂ ತನ್ನ ಛಾಟ್ ಬೀಡಿಯನ್ನು ವಾಪಸು ಕಂಡವಳಲ್ಲ. ಎಲ್ಲರೂ ಆ ಬೊಗಸೆಯನ್ನೇ ನೋಡುತ್ತಿದ್ದರು. ಸೋನಾಬಾಯಿ ಚಾಪೆಯ ಮೇಲೆ ಮೆಲ್ಲಗೆ ಕೂತಳು.

ಅಣ್ಣಾಸಾಬ ಮಾತ್ರ ಜಾಗ ಬಿಟ್ಟು ಕದಲಲಿಲ್ಲ. ಟೇಬಲ್ ಮೇಲೆ ಉಳಿದ ಎರಡು ಬೀಡಿಗಳನ್ನು ಬಗ್ಗಿ ನೋಡಿದ. "ಎರಡ ಪಾಸ್ ಅಂದ್ಯಲ್ಲ," ಎಂದ, "ಖರೇನ ಪಾಸ್ ಆದುವೇನು? ಮುದುಕ ಅಂತ ಕನಿಕರ ಮಾಡಿ ಅಂದಿಲ್ಲಲ್ಲಾ?"

ಕನಿಕರ ಗಿನಿಕರ ತುಳಸವ್ವನ ಮನಸ್ಸಿನಲ್ಲಿ ಇರಲಿಲ್ಲ. ಕ್ಷಮಿಸಿಯೂ ಇರಲಿಲ್ಲ, ಅದು ಬೇರೆ ಮಾತು, ಅದಕ್ಕೆ ಇನ್ನೂ ಸಮಯ ಬೇಕು. ಆ ಎರಡು ಬೀಡಿಗಳನ್ನು ಮತ್ತೆ ಕೈಗೆತ್ತಿಕೊಂಡು ಒತ್ತಿದಳು.

"ಎಂಟ ದಿವಸದಾಗ ಎರಡ ಛಲೋ ಕಟ್ಟೀರಿ," ಎಂದಳು. "ನಾ ಸುಳ್ಳ ಛಾಟ್ ಮಾಡಾಕಿ ಅಲ್ರಿ. ಸುಳ್ಳ ಪಾಸೂ ಮಾಡಾಕಿ ಅಲ್ಲ."

ಮುದುಕ ತಲೆಯಾಡಿಸಿದ. ಬೊಗಸೆ ತುಂಬ ಬೀಡಿ ಹಿಡಿದುಕೊಂಡು, ಕೋಲನ್ನು ಮೊಮ್ಮಗನ ಕೈಗೆ ಬಿಟ್ಟು, ಒಂದೂ ಕೆಳಗೆ ಬೀಳದ ಹಾಗೆ ಹೆಂಗಸರ ನಡುವೆ ದಾರಿ ಮಾಡಿಕೊಂಡು ನಿಧಾನವಾಗಿ ನಡೆದ.